ತೂತಿಗೆ ದುಡ್ಡು ಕೊಡಬೇಡಿ

ರಸ್ತೆಯಲ್ಲಿ ಓಡಿಸುವ ಕಾರಿಗೆ, ಅದು ಎಷ್ಟೇ ಜೋರಿನ ಕಾರಾಗಿರಲಿ, ಸಾದಾ ಬ್ರೇಕ್ ಡಿಸ್ಕೇ ಸರಿ. ಕಾರನ್ನು ರೇಸ್ ಟ್ರ್ಯಾಕಿಗೆ ಕೊಂಡೊಯ್ಯುವವರು ಗೀರು ಕೊರೆದ ಸ್ಲಾಟೆಡ್ ಡಿಸ್ಕ್ ಹಾಕಿಸಿಕೊಳ್ಳಲಿ, ಅದಕ್ಕೆ ಕಾರಣವಿದೆ. ತೂತು ಕೊರೆದ ಡ್ರಿಲ್ಡ್ ಡಿಸ್ಕನ್ನು ಮಾತ್ರ ಯಾರೂ ಅಂಗಡಿಗೆ ಹೋಗಿ ಹೊಸದಾಗಿ ಕೊಳ್ಳಬೇಕಾಗಿಲ್ಲ. ಕಾರ್ಖಾನೆಯಿಂದಲೇ ತೂತಿನ ಡಿಸ್ಕ್ ಹಾಕಿಕೊಂಡು ಬರುವ ಕೆಲವು ದುಬಾರಿ ಕಾರುಗಳ ಮಾತು ಬೇರೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ನನ್ನ ವಾದ ಇಷ್ಟೇ. ಇಷ್ಟನ್ನು ಹೇಳಲು ಇಷ್ಟುದ್ದ ಬರೆಯಬೇಕೇ ಎಂದು ಕೇಳಬಹುದು. ಬೇಕು. ಇದಕ್ಕೆ ಪೂರ್ತಿ ಉಲ್ಟಾ ಮಾತು ಅಂಗಡಿಗಳಲ್ಲಿ, ಯೂಟ್ಯೂಬಿನಲ್ಲಿ, ಕಾರು ಹುಚ್ಚಿನ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ವೇದವಾಕ್ಯದ ಹಾಗೆ ಓಡಾಡುತ್ತಿದೆ. ಅದನ್ನು ನಂಬಿ ಸಾವಿರಾರು ರೂಪಾಯಿ ಸುರಿದವರು ಆ ಡಿಸ್ಕಿನ ಧೈರ್ಯದ ಮೇಲೆ ಘಾಟಿ ಇಳಿಯುತ್ತಾರೆ. ಡೋರ್ ಹ್ಯಾಂಡಲ್ಲಿಗೆ ಕ್ರೋಮ್ ಅಂಟಿಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಬ್ರೇಕು ಹಾಗಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಓದಿದ್ದು ಭಾಷಾವಿಜ್ಞಾನ, ಚೆನ್ನೈನಲ್ಲಿದ್ದುಕೊಂಡು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ಬದುಕುತ್ತೇನೆ. ಕೈಪಿಡಿ, ಕ್ಯಾಟಲಾಗು, ವಾರಂಟಿ ಕಾಗದ, ಹೀಗೆ ಯಾರೂ ಪುಸ್ತಕವೆಂದು ಕರೆಯದ ಬರವಣಿಗೆ ನನ್ನ ಮೇಜಿಗೆ ಬರುತ್ತದೆ. ಬ್ರೇಕ್ ಡಿಸ್ಕೂ ಬಂದದ್ದು ಆ ದಾರಿಯಲ್ಲೇ. ಮೊದಲು ನನಗೆ ತೊಡಕಾದದ್ದು ಪದಗಳು. ಪದಗಳನ್ನು ಬಿಡಿಸುತ್ತ ಹೋದಾಗ ಅವುಗಳ ಹಿಂದಿದ್ದ ಲೆಕ್ಕವೂ ಸಿಕ್ಕಿತು.

ಸಾದಾ ಎಂಬ ಬೈಗುಳ

ಕ್ಯಾಟಲಾಗಿನಲ್ಲಿ ಮೂರು ಹೆಸರು ಒಂದರ ಕೆಳಗೊಂದು ಇರುತ್ತವೆ: ಪ್ಲೇನ್, ಸ್ಲಾಟೆಡ್, ಡ್ರಿಲ್ಡ್. ಪ್ಲೇನ್ ಎಂಬುದಕ್ಕೆ ಕನ್ನಡದಲ್ಲೂ ಇಲ್ಲಿನ ತಮಿಳಿನಲ್ಲೂ ಒಂದೇ ಪದ, ಸಾದಾ. ಹೋಟೆಲಿನ ಬೋರ್ಡಿನಲ್ಲಿ ಸಾದಾ ದೋಸೆ, ಮಸಾಲೆ ದೋಸೆ, ಸ್ಪೆಷಲ್ ಮಸಾಲೆ ದೋಸೆ ಎಂದು ಬರೆದಿರುವುದನ್ನು ಓದಿ ಬೆಳೆದ ನಮಗೆ, ಡಿಸ್ಕಿನ ಪಟ್ಟಿಯೂ ಹಾಗೆಯೇ ಕಾಣುತ್ತದೆ. ಕೆಳಗೆ ಹೋದಷ್ಟೂ ರುಚಿ ಹೆಚ್ಚು, ಬೆಲೆಯೂ ಹೆಚ್ಚು. ಸಾದಾ ಎಂದರೆ ಕೈಯಲ್ಲಿ ಕಾಸಿಲ್ಲದವನು ಕೊಳ್ಳುವುದು.

ಭಾಷಾವಿಜ್ಞಾನದಲ್ಲಿ ಇದಕ್ಕೆ ಹೊಂದುವ ಒಂದು ಹಳೆಯ ವಿಚಾರವಿದೆ. 1930ರ ದಶಕದಲ್ಲಿ ಪ್ರಾಗ್ ಪಂಥದ ಟ್ರುಬೆಟ್ಸ್‌ಕೊಯ್, ಯಾಕಬ್ಸನ್ ಮೊದಲಾದವರು ಬೆಳೆಸಿದ್ದು. ಎರಡು ರೂಪಗಳ ಜೋಡಿಯಲ್ಲಿ ಒಂದಕ್ಕೆ ಗುರುತು ಹಚ್ಚಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ನಮ್ಮಲ್ಲಿ ಕಾಫಿ ಎಂದರೆ ಹಾಲು ಹಾಕಿದ್ದೇ. ಹಾಲಿಲ್ಲದ್ದು ಬೇಕಾದರೆ ಬ್ಲ್ಯಾಕ್ ಕಾಫಿ ಎಂದು ಬಿಡಿಸಿ ಹೇಳಬೇಕು. ಗುರುತಿಲ್ಲದ್ದು ಎಲ್ಲ ಕಡೆ ಸಲ್ಲುತ್ತದೆ. ಗುರುತಿರುವುದು ಒಂದು ವಿಶೇಷ ಸಂದರ್ಭಕ್ಕೆ ಮೀಸಲು. ಬ್ರೇಕ್ ಎಂಜಿನಿಯರನ ಭಾಷೆಯಲ್ಲೂ ಡಿಸ್ಕ್ ಎಂದರೆ ಸಾದಾ ಡಿಸ್ಕೇ, ಉಳಿದೆರಡು ನಿರ್ದಿಷ್ಟ ತೊಂದರೆಗೆ ಹುಡುಕಿದ ನಿರ್ದಿಷ್ಟ ಪರಿಹಾರಗಳು. ಅಂಗಡಿ ಇದನ್ನು ತಲೆಕೆಳಗು ಮಾಡಿದೆ. ಗುರುತಿಲ್ಲ ಎಂದರೆ ಏನೋ ಕಡಿಮೆಯಿದೆ ಎಂದು ಗಿರಾಕಿಗೆ ಕಲಿಸಿದೆ.

ಇನ್ನೊಂದು ಪದ ಪರ್ಫಾರ್ಮೆನ್ಸ್. ಇದಕ್ಕೆ ಕನ್ನಡದಲ್ಲಿ ಎರಡು ಅರ್ಥ ಕೊಡಬಹುದು: ಕಾರ್ಯಕ್ಷಮತೆ ಮತ್ತು ಪ್ರದರ್ಶನ. ಇಂಗ್ಲಿಷು ಎರಡನ್ನೂ ಒಂದೇ ಚೀಲದಲ್ಲಿ ತುಂಬಿಕೊಂಡು ಓಡಾಡುತ್ತದೆ, ಮಾರುವವರಿಗೆ ಅದರಿಂದ ಅನುಕೂಲವೇ. ಕನ್ನಡಕ್ಕೆ ತರುವಾಗ ಮಾತ್ರ ಯಾವುದಾದರೊಂದನ್ನು ಆರಿಸಲೇಬೇಕು. ಒಬ್ಬ ಬಿಡಿಭಾಗದ ವ್ಯಾಪಾರಿಯ ಕ್ಯಾಟಲಾಗು ಅನುವಾದಿಸುವಾಗ, ಸಾದಾ ಡಿಸ್ಕಿನ ಎದುರು "ಎಲ್ಲ ರಸ್ತೆ ಬಳಕೆಗೆ", ಸ್ಲಾಟೆಡ್ ಎದುರು "ಟ್ರ್ಯಾಕ್ ಬಳಕೆಗೆ", ಡ್ರಿಲ್ಡ್ ಎದುರು "ಅಂದಕ್ಕೆ" ಎಂದು ಬರೆಯೋಣವೇ ಎಂದು ಕೇಳಿದ್ದೆ. ಮೊದಲ ಎರಡನ್ನೂ ಅವರು ಒಪ್ಪಲಿಲ್ಲ. ಮೂರನೆಯದಕ್ಕೆ ಫೋನಿನಲ್ಲೇ ನಕ್ಕರು.

ಒಂದು ಸಲ ಬ್ರೇಕ್ ಹಾಕಿದರೆ ಎಷ್ಟು ಬಿಸಿ?

ಬ್ರೇಕ್ ಮಾಡುವ ಕೆಲಸ ಒಂದೇ. ಓಡುವ ಕಾರಿನ ಶಕ್ತಿಯನ್ನು ಉಜ್ಜಿ ಶಾಖ ಮಾಡುವುದು. ಇಬ್ಬರು ಕೂತ 1300 ಕೆ.ಜಿ. ಕಾರು ಗಂಟೆಗೆ 120 ಕಿ.ಮೀ. ವೇಗದಲ್ಲಿದೆ ಎನ್ನಿ. ಹೈಸ್ಕೂಲಿನ ಸೂತ್ರ ಹಾಕಿದರೆ ಅದರ ಚಲನಶಕ್ತಿ ಸುಮಾರು 720 ಕಿಲೋಜೂಲ್. ಚೆನ್ನೈನ ನಲ್ಲಿಯಲ್ಲಿ ಬರುವ 30 ಡಿಗ್ರಿಯ ಎರಡೂವರೆ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಇಷ್ಟೂ ಶಕ್ತಿ ನಾಲ್ಕು ಸೆಕೆಂಡಿನ ಒಳಗೆ ಡಿಸ್ಕುಗಳಿಗೆ ಇಳಿಯುತ್ತದೆ.

ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಎರಡು ಡಿಸ್ಕುಗಳ ಪಾಲಿಗೆ ಸುಮಾರು 70 ಶೇಕಡಾ ಎಂದುಕೊಳ್ಳಿ. ಒಂದೊಂದಕ್ಕೆ 250 ಕಿಲೋಜೂಲ್. ಡಿಸ್ಕಿನ ತೂಕ 6 ಕೆ.ಜಿ. ಇದ್ದರೆ, ಬೀಡು ಕಬ್ಬಿಣದ ಶಾಖಧಾರಣೆಯ ಲೆಕ್ಕದಲ್ಲಿ, ಆ ಒಂದೇ ಒತ್ತಿಗೆ ಅದರ ಬಿಸಿ 85ರಿಂದ 90 ಡಿಗ್ರಿ ಏರುತ್ತದೆ. ನಾಲ್ಕು ಸೆಕೆಂಡಿನಲ್ಲಿ ಗಾಳಿ ಬೀಸಿ ತಣಿಸುವುದು ಅತ್ಯಲ್ಪ. ಆ ಹೊತ್ತಿನಲ್ಲಿ ಶಾಖವನ್ನು ನುಂಗಿಕೊಳ್ಳುವುದು ಲೋಹದ ತೂಕ. ತಣಿಯುವ ಕೆಲಸ ಆಮೇಲಿನದು, ಅದಕ್ಕೆ ನಿಮಿಷಗಳು ಬೇಕು. ಅದನ್ನು ಮಾಡುವುದು ಡಿಸ್ಕಿನ ಎರಡು ಹಲಗೆಗಳ ನಡುವಿನ ಗಾಳಿಯ ದಾರಿಗಳು. ಚಕ್ರ ತಿರುಗಿದಂತೆ ಅವು ನಡುವಿನಿಂದ ಗಾಳಿಯನ್ನು ಎಳೆದು ಅಂಚಿನಿಂದ ಹೊರಗೆ ಎಸೆಯುತ್ತವೆ. ಈ ಏರ್ಪಾಡು ಸಾದಾ ವೆಂಟಿಲೇಟೆಡ್ ಡಿಸ್ಕಿನಲ್ಲಿ ಪೂರ್ತಿಯಾಗಿಯೇ ಇದೆ.

ಈಗ ತೂತು ಕೊರೆಯೋಣ. 6 ಮಿ.ಮೀ. ಅಗಲದ 60 ತೂತು, ಎರಡೂ ಹಲಗೆ ಸೇರಿ 14 ಮಿ.ಮೀ. ದಪ್ಪ. ತೆಗೆದುಹಾಕಿದ ಕಬ್ಬಿಣ ಸುಮಾರು 170 ಗ್ರಾಂ. ಅದೇ ಬ್ರೇಕ್ ಒತ್ತಿಗೆ ಡಿಸ್ಕು ಎರಡು ಮೂರು ಡಿಗ್ರಿ ಹೆಚ್ಚೇ ಬಿಸಿಯಾಗುತ್ತದೆ. ತೂತಿನ ಒಳಗೋಡೆಗಳಿಂದ ಗಾಳಿಗೆ ಸಿಗುವ ಮೈ ತುಸು ಹೆಚ್ಚುತ್ತದೆ, ನಿಜ. ಎರಡನ್ನೂ ಕೂಡಿ ಕಳೆದರೆ ಉಳಿಯುವುದು ಚಿಲ್ಲರೆ. ಜಾಹೀರಾತಿನಲ್ಲಿ ಅದೇ ಚಿಲ್ಲರೆಗೆ "ಕೂಲಿಂಗ್" ಎಂಬ ದೊಡ್ಡ ಹೆಸರು.

ಇನ್ನು ನಿಲ್ಲುವ ದೂರ. ಡಿಸ್ಕು ಬದಲಿಸಿದರೆ ಕಾರು ಬೇಗ ನಿಲ್ಲುತ್ತದೆ ಎಂಬುದು ಅತಿ ಹೆಚ್ಚು ಮಾರಾಟವಾಗುವ ಸುಳ್ಳು. ನಿಮ್ಮ ಕಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಎಬಿಎಸ್ ಕೆಲಸ ಶುರುಮಾಡಿ ಪೆಡಲು ಕಾಲಡಿ ನಡುಗುತ್ತದಲ್ಲವೇ? ಹಾಗಾದರೆ ನಿಮ್ಮ ಬ್ರೇಕಿಗೆ ಆಗಲೇ ಟೈರಿನ ಹಿಡಿತ ಮೀರುವಷ್ಟು ಬಲವಿದೆ. ಅಲ್ಲಿಂದಾಚೆ ದೂರ ಕಡಿಮೆ ಮಾಡಬಲ್ಲದ್ದು ರಸ್ತೆಗೆ ಅಂಟಿದ ರಬ್ಬರು ಮಾತ್ರ. ಸವೆದ ಟೈರಿನ ಒಳಗೆ ಮಿರುಗುವ ಡ್ರಿಲ್ಡ್ ಡಿಸ್ಕು ಕಂಡಾಗಲೆಲ್ಲ ನನಗೆ ಹರಿದ ಚಪ್ಪಲಿಗೆ ಬೆಳ್ಳಿ ಕಾಲುಂಗುರ ಹಾಕಿದ್ದು ನೆನಪಾಗುತ್ತದೆ.

ತೂತು ಬಂದ ದಾರಿ

ತೂತು ಕೊರೆದವರು ದಡ್ಡರೇನಲ್ಲ. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. ಡಿಸ್ಕ್ ಬ್ರೇಕ್ ಹಾಕಿಕೊಂಡ ಜಾಗ್ವಾರ್ ಸಿ-ಟೈಪ್ ಲೆ ಮಾನ್ಸ್ ಗೆದ್ದದ್ದು 1953ರಲ್ಲಿ. ಆ ಕಾಲದ ಪ್ಯಾಡುಗಳಲ್ಲಿ ಕಲ್ನಾರು ಇತ್ತು. ಅದನ್ನು ಹಿಡಿದಿಟ್ಟ ಅಂಟು ಅತಿ ಬಿಸಿಯಲ್ಲಿ ಬೆಂದು ಅನಿಲ ಬಿಡುತ್ತಿತ್ತು. ಪ್ಯಾಡಿಗೂ ಡಿಸ್ಕಿಗೂ ನಡುವೆ ಆ ಅನಿಲ ಸಿಕ್ಕಿಕೊಂಡರೆ ಹಿಡಿತ ತಪ್ಪುತ್ತದೆ. ಅನಿಲ ಹೊರಹೋಗಲು ದಾರಿ ಬೇಕು, ಜತೆಗೆ ರೇಸ್ ಕಾರಿನಲ್ಲಿ ಗ್ರಾಂ ಲೆಕ್ಕದಲ್ಲಿ ತೂಕ ಇಳಿಯಬೇಕು. ಹಾಗೆ ತೂತು ಬಂತು. 1970 ಮತ್ತು 1971ರಲ್ಲಿ ಲೆ ಮಾನ್ಸ್ ಗೆದ್ದ ಪೋರ್ಷೆ 917 ಅದಕ್ಕೆ ಹೆಸರಾಯಿತು. ಆ ದಶಕದ ಕೊನೆಗೆ ಅದೇ ವಂಶದ ಬ್ರೇಕು ರಸ್ತೆಯ 911 ಟರ್ಬೊಗೂ ಇಳಿಯಿತು.

ಆಮೇಲೆ ಪ್ಯಾಡಿನ ರಸಾಯನ ಬದಲಾಯಿತು. ಕಲ್ನಾರು ಹೋಯಿತು, ಅಂಟುಗಳು ಸುಧಾರಿಸಿದವು, ಅನಿಲದ ಕಾಟ ತೀರಾ ಕಡಿಮೆಯಾಯಿತು. ಕಾಯಿಲೆ ವಾಸಿಯಾದರೂ ಮಾತ್ರೆ ಉಳಿದುಕೊಂಡಿತು. ಅದಕ್ಕೀಗ ಪೋರ್ಷೆಯ ನೆನಪು ಅಂಟಿಕೊಂಡಿದೆ.

ಪೋರ್ಷೆ ಈಗಲೂ ತೂತಿನ ಡಿಸ್ಕ್ ಕೊಡುತ್ತದಲ್ಲ, ಅವರಿಗೆ ಗೊತ್ತಿಲ್ಲವೇ ಎಂಬುದು ನನಗೆ ಎದುರಾಗುವ ಮೊದಲ ಪ್ರಶ್ನೆ. ಚೆನ್ನಾಗಿ ಗೊತ್ತಿದೆ. ಅದಕ್ಕೇ ಅವರದೇ ಎರಡು ಕಾರು ನೋಡಿ. ರಸ್ತೆಗೆ ಮಾರುವ 911 ಜಿಟಿ3 ಕಾರಿಗೆ ತೂತಿನ ಡಿಸ್ಕು. ಅದೇ ಕಾರಿನಿಂದ ಹುಟ್ಟಿದ, ರೇಸಿಗಷ್ಟೇ ಮಾರುವ ಜಿಟಿ3 ಕಪ್ ಕಾರಿಗೆ ಗೀರಿನ ಡಿಸ್ಕು. ಸುತ್ತಿನ ಮೇಲೆ ಸುತ್ತು ಡಿಸ್ಕು ಕೆಂಪಗೆ ಕಾಯುವ ಜಾಗದಲ್ಲಿ ಅವರು ತೂತನ್ನು ನೆಚ್ಚಲಿಲ್ಲ. ರಸ್ತೆಯ ಕಾರಿನಲ್ಲಿ ನೆಚ್ಚಬಹುದು, ಏಕೆಂದರೆ ಅಲ್ಲಿ ಡಿಸ್ಕಿನ ಗಾತ್ರವೇ 400 ಮಿ.ಮೀ. ಆಸುಪಾಸು. ಕಳೆದುಕೊಂಡ ಕಬ್ಬಿಣಕ್ಕೆ ಮೊದಲೇ ಜಾಗ ಬಿಟ್ಟು, ಒಳಗಿನ ಗಾಳಿದಾರಿಗೆ ಹೊಂದಿಸಿ ತೂತುಗಳನ್ನು ಕೂರಿಸಿರುತ್ತಾರೆ. ನಿಮ್ಮ ಕಾರಿಗೆ ಕಾರ್ಖಾನೆಯೇ ಹಾಗೆ ಕೊಟ್ಟಿದ್ದರೆ ಅದನ್ನೇ ಇಟ್ಟುಕೊಳ್ಳಿ, ಸವೆದಾಗ ಅದನ್ನೇ ಹಾಕಿಸಿ. ಒಂದು ಹ್ಯಾಚ್‌ಬ್ಯಾಕಿನ 280 ಮಿ.ಮೀ. ಡಿಸ್ಕಿಗೆ ಅದೇ ವೇಷ ಹಾಕಿಸುವುದು ಬೇರೆ ಕಥೆ.

ಎರಡನೆಯ ಪ್ರಶ್ನೆ ಫಾರ್ಮುಲಾ ಒನ್ ಡಿಸ್ಕಿನಲ್ಲಿ ಸಾವಿರ ತೂತು ಇದೆಯಲ್ಲ ಎಂಬುದು. ಇದೆ, ಆದರೆ ಎಲ್ಲಿದೆ ನೋಡಿ. ಪ್ಯಾಡು ಉಜ್ಜುವ ಮೈಮೇಲಲ್ಲ, ಡಿಸ್ಕಿನ ಅಂಚಿನಲ್ಲಿ, ನಡುವಿನಿಂದ ಹೊರಕ್ಕೆ ಹೋಗುವ ಗಾಳಿಯ ಕೊಳವೆಗಳಾಗಿ. ಅದು ಕಾರ್ಬನ್ನಿನ ಡಿಸ್ಕು, ಬೀಡಿನದಲ್ಲ. ಪ್ಯಾಡು ತಾಗುವ ಮೈ ನುಣುಪಾಗಿಯೇ ಇದೆ. ಚಿತ್ರ ನೋಡಿ ತೂತು ಎಣಿಸಿದವರು ಯಾವ ಕಡೆಯ ತೂತು ಎಂದು ನೋಡಲಿಲ್ಲ.

ಮೂರನೆಯದು ಬೈಕು. ನಮ್ಮ ರಸ್ತೆಯ ಸಾಮಾನ್ಯ ಬೈಕಿನಲ್ಲೂ ತೂತಿನ ಡಿಸ್ಕೇ ಇರುತ್ತದೆ. ಅದು ತೆಳ್ಳಗಿನ ಸ್ಟೀಲಿನ ಒಂಟಿ ಹಲಗೆ, ಮಳೆಗೆ ಮೈಯೊಡ್ಡಿ ನಿಂತದ್ದು, ತೂಕ ಕಡಿಮೆಯಾದಷ್ಟೂ ಒಳ್ಳೆಯದು. ಗಾಡಿಯ ಭಾರವೂ ಕಾರಿನ ಆರೇಳರಲ್ಲಿ ಒಂದು ಪಾಲು. ಆ ತರ್ಕ ಕಾರಿನ ಬೀಡಿನ ಡಿಸ್ಕಿಗೆ ದಾಟುವುದಿಲ್ಲ.

ತೂತಿನ ಬೆಲೆ

ಬೀಡು ಕಬ್ಬಿಣ ಶಾಖವನ್ನು ಚೆನ್ನಾಗಿ ಹರಡುತ್ತದೆ, ಆದರೆ ಎಳೆತಕ್ಕೆ ಬಾಗದು, ಬಿರಿಯುತ್ತದೆ. ಪ್ರತಿ ಸಲ ಬ್ರೇಕ್ ಹಾಕಿದಾಗ ಡಿಸ್ಕಿನ ಮೈ ಕಾದು ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಲೋಹದಲ್ಲಿ ತೂತು ಇದ್ದಲ್ಲಿ ಈ ಎಳೆದಾಟವೆಲ್ಲ ತೂತಿನ ಬಾಯಿಗೆ ಬಂದು ಕೂಡುತ್ತದೆ. ಅಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ಒಂದು ತೂತಿನಿಂದ ಪಕ್ಕದ ತೂತಿಗೆ ನಡೆಯುತ್ತದೆ. ಒಳ್ಳೆಯ ತಯಾರಕರು ತೂತಿನ ಬಾಯನ್ನು ಅಗಲಿಸಿ ಚೂಪು ತೆಗೆದಿರುತ್ತಾರೆ. ಅದರಿಂದ ಬಿರುಕು ತಡವಾಗಿ ಬರಬಹುದು, ಬಾರದೇ ಇರುವುದಿಲ್ಲ.

ಇನ್ನೂ ಕೆಟ್ಟದ್ದು ಬೇರೆ ಇದೆ. ಇರುವ ಸಾದಾ ಡಿಸ್ಕನ್ನೇ ಲೇತ್ ಅಂಗಡಿಗೆ ಕೊಟ್ಟು ತೂತು ಹೊಡೆಸುವುದು. ಒಳಗಿನ ಗಾಳಿದಾರಿಯ ಗೋಡೆ ಎಲ್ಲಿದೆ ಎಂದು ಡ್ರಿಲ್ಲಿಗೆ ಕಾಣುವುದಿಲ್ಲ. ತೂತು ಅದನ್ನು ಅರ್ಧ ಕತ್ತರಿಸಿ ಹೋದರೂ ಹೊರಗಿನಿಂದ ಅಂದವಾಗಿಯೇ ಕಾಣುತ್ತದೆ. ಸಮುದ್ರದ ಊರಿನಲ್ಲಿ ಇದಕ್ಕೆ ಉಪ್ಪುಗಾಳಿಯೂ ಸೇರುತ್ತದೆ. ಡಿಸ್ಕಿನ ಮೈಮೇಲಿನ ತುಕ್ಕನ್ನು ಪ್ಯಾಡು ಬೆಳಗಿನ ಮೊದಲ ಬ್ರೇಕಿನಲ್ಲೇ ಉಜ್ಜಿ ತೆಗೆಯುತ್ತದೆ. ತೂತಿನ ಒಳಗೆ ಪ್ಯಾಡು ಹೋಗದು. ಅಲ್ಲಿ ತುಕ್ಕು, ಪ್ಯಾಡಿನ ಪುಡಿ, ರಸ್ತೆಯ ದೂಳು ಸೇರಿ ಗಾರೆಯಂತೆ ಕಟ್ಟಿಕೊಳ್ಳುತ್ತದೆ.

ಇದು ನಡೆಯುತ್ತಿರುವ ಊರು ಯಾವುದು? ಟಿವಿಎಸ್ ಮತ್ತು ಬ್ರಿಟನ್ನಿನ ಲ್ಯೂಕಾಸ್ ಸೇರಿ 1962ರಲ್ಲಿ ಬ್ರೇಕ್ಸ್ ಇಂಡಿಯಾ ಕಟ್ಟಿದ್ದು ಇಲ್ಲಿನ ಪಾಡಿಯಲ್ಲಿ. 1964ರಲ್ಲಿ ಶುರುವಾದ ರಾಣೆ ಬ್ರೇಕ್ ಲೈನಿಂಗ್ ಇದೇ ಊರಿನದು. ಸುಂದರಂ ಬ್ರೇಕ್ ಲೈನಿಂಗ್ಸ್ ಕೂಡ ಪಾಡಿಯದೇ. ದೇಶದ ಬ್ರೇಕಿನ ತಿಳಿವಳಿಕೆಯ ದೊಡ್ಡ ಪಾಲು ಈ ಊರಿನ ಪಶ್ಚಿಮ ಅಂಚಿನಲ್ಲಿದೆ. ಅಲ್ಲಿಂದ ಅರ್ಧ ಗಂಟೆ ದೂರದ ಜನರಲ್ ಪ್ಯಾಟರ್ಸ್ ರಸ್ತೆಯ ಕಾರಿನ ಸಾಮಾನಿನ ಅಂಗಡಿಗಳ ಸಾಲಿನಲ್ಲಿ ಬ್ರೇಕನ್ನು ಬಳೆಯ ಹಾಗೆ ಮಾರಬಹುದು ಎಂದರೆ, ಆ ತಿಳಿವಳಿಕೆ ಕಾರ್ಖಾನೆಯ ಗೇಟು ದಾಟಿ ಹೊರಗೆ ಬಂದೇ ಇಲ್ಲ. ಬರುವಂತೆ ಅವರವರ ಭಾಷೆಯಲ್ಲಿ ಯಾರೂ ಬರೆಯಲೂ ಇಲ್ಲ.

ಗೀರಿಗೆ ಸಲ್ಲಬೇಕಾದ್ದು

ಸ್ಲಾಟೆಡ್ ಡಿಸ್ಕಿನ ಬಗ್ಗೆ ನನಗೆ ತಕರಾರಿಲ್ಲ, ಅದರ ಜಾಗ ಯಾವುದೆಂದು ಹೇಳಿ ಮಾರಿದರೆ. ಗೀರು ಡಿಸ್ಕನ್ನು ಆರಪಾರ ತೂರುವುದಿಲ್ಲ, ಮೈಮೇಲೆ ಆಳವಿಲ್ಲದ ಕಾಲುವೆಯಂತೆ ಇರುತ್ತದೆ. ಪ್ರತಿ ಸುತ್ತಿನಲ್ಲೂ ಅದು ಪ್ಯಾಡಿನ ಮೇಲ್ಪದರವನ್ನು ತೆಳ್ಳಗೆ ಕೆರೆಯುತ್ತದೆ. ಅತಿ ಬಿಸಿಯಲ್ಲಿ ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿ ಕಚ್ಚುವುದು ಬಿಡುವ ರೋಗಕ್ಕೆ ಇದು ಮದ್ದು. ಪ್ಯಾಡಿನ ಪುಡಿಯೂ ಹೊರಹೋಗುತ್ತದೆ. ಬಿರುಕಿನ ಭಯ ತೂತಿಗಿಂತ ಎಷ್ಟೋ ಕಡಿಮೆ.

ಇರುಂಗಾಟ್ಟುಕೋಟ್ಟೈಯಲ್ಲಿ 1990ರಿಂದ ರೇಸ್ ಟ್ರ್ಯಾಕು ಇದೆ. ಒಂದು ಸುತ್ತು 3.7 ಕಿ.ಮೀ., 12 ತಿರುವು. ನೇರ ದಾರಿಯ ಕೊನೆಗೆ ಬ್ರೇಕ್, ಮತ್ತೆ ವೇಗ, ಮತ್ತೆ ಬ್ರೇಕ್. ಡಿಸ್ಕಿಗೆ ತಣಿಯಲು ಬಿಡುವೇ ಇಲ್ಲ. ವಾರಾಂತ್ಯಕ್ಕೆ ಅಲ್ಲಿಗೆ ಕಾರು ತರುವವರು, ಮೊದಲು ಟ್ರ್ಯಾಕಿನ ಪ್ಯಾಡು ಹಾಕಿಸಿ ಆಮೇಲೆ ಗೀರಿನ ಡಿಸ್ಕಿಗೆ ದುಡ್ಡು ಕೊಟ್ಟರೆ ಅದು ನ್ಯಾಯವಾದ ಖರ್ಚು. ಪ್ಯಾಡು ಬೇಗ ಸವೆಯುತ್ತದೆ, ಬ್ರೇಕ್ ಒತ್ತಿದಾಗ ಗರಗರ ಸದ್ದು ಬರುತ್ತದೆ ಎಂಬುದನ್ನೂ ತಿಳಿದಿರಲಿ. ಅದೇ ಡಿಸ್ಕನ್ನು ಹಾಕಿಕೊಂಡು ಅಣ್ಣಾ ಸಾಲೈ ಸಿಗ್ನಲ್ಲಿನಲ್ಲಿ ನಿಲ್ಲುವವನಿಗೆ ಸಿಗುವುದು ಆ ಸದ್ದು ಮತ್ತು ಪ್ಯಾಡಿನ ಖರ್ಚು ಮಾತ್ರ.

ಮಳೆಯ ವಾದವೊಂದು ಉಳಿಯಿತು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇಲ್ಲಿ ಸುರಿಯುವ ಮಳೆಯಲ್ಲಿ, ತೂತು ಅಥವಾ ಗೀರು ಇದ್ದರೆ ಡಿಸ್ಕಿನ ಮೇಲಿನ ನೀರಿನ ಪದರ ಬೇಗ ಒಡೆದು ಮೊದಲ ಕ್ಷಣದ ಹಿಡಿತ ಬೇಗ ಸಿಗುತ್ತದೆ. ಇದರಲ್ಲಿ ಸತ್ಯವಿದೆ, ಒಪ್ಪುತ್ತೇನೆ. ಆದರೆ ಇಂದಿನ ಹಲವು ಕಾರುಗಳು ಮಳೆಯಲ್ಲಿ ಆಗಾಗ ಪ್ಯಾಡನ್ನು ತಾವೇ ಮೆಲ್ಲಗೆ ತಾಗಿಸಿ ಡಿಸ್ಕು ಒಣಗಿಸಿಕೊಳ್ಳುತ್ತವೆ. ಇಲ್ಲದ ಕಾರಿನಲ್ಲಿ, ನೀರು ದಾಟಿದ ಮೇಲೆ ಎರಡು ಸಲ ಪೆಡಲನ್ನು ಹಗುರವಾಗಿ ಒತ್ತಿದರೆ ಅದೇ ಕೆಲಸ ಆಗುತ್ತದೆ. ಕಾಲಿನಿಂದ ಪುಕ್ಕಟೆ ಆಗುವ ಕೆಲಸಕ್ಕೆ ಬಿರುಕು ಬಿಡುವ ಡಿಸ್ಕು ಏಕೆ?

ಘಾಟಿಯಲ್ಲಿ ಕೈಕೊಡುವುದು ಯಾವುದು?

ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯನ್ನು ಮೈಸೂರಿನ ಕಡೆಯವರಿಗೆ ಹೇಳಿಕೊಡಬೇಕಿಲ್ಲ. 36 ಹೇರ್‌ಪಿನ್ ತಿರುವು. ಅಪಘಾತಗಳ ಕಾರಣಕ್ಕೆ ಹೊರಗಿನ ಪ್ರವಾಸಿ ವಾಹನಗಳಿಗೆ ನಿರ್ಬಂಧ ಹಾಕಿದ್ದ ರಸ್ತೆ. ಊಟಿಯಿಂದ ಮಸಿನಗುಡಿಗೆ ಸಾವಿರ ಮೀಟರಿಗಿಂತ ಹೆಚ್ಚು ಇಳಿತ. ಸಾವಿರವೇ ಎಂದುಕೊಂಡರೂ ಅದೇ 1300 ಕೆ.ಜಿ. ಕಾರು ಕಳೆಯಬೇಕಾದ ಶಕ್ತಿ ಸುಮಾರು 12,700 ಕಿಲೋಜೂಲ್. ಅಂದರೆ 120ರ ವೇಗದಿಂದ ಹದಿನೇಳು ಹದಿನೆಂಟು ಸಲ ಪೂರ್ತಿ ನಿಲ್ಲಿಸಿದ ಹಾಗೆ. ಗಾಳಿಯೂ ಎಂಜಿನ್ನೂ ಪಾಲು ಹೊರದಿದ್ದರೆ ಅಷ್ಟೂ ಬ್ರೇಕಿನ ತಲೆಯ ಮೇಲೆ.

ಅಲ್ಲಿ ಸೋಲುವುದು ಎರಡು. ಪೆಡಲು ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡು ಅದರ ಬಿಸಿಯ ಮಿತಿ ದಾಟಿದೆ. ಪೆಡಲು ಸ್ಪಂಜಿನಂತೆ ನೆಲಕ್ಕಿಳಿದರೆ ಬ್ರೇಕ್ ಆಯಿಲ್ ಕುದಿದು ಒಳಗೆ ಆವಿ ಸೇರಿದೆ. ಈ ಆಯಿಲ್ ಗಾಳಿಯ ತೇವವನ್ನು ಹೀರುವ ಜಾತಿಯದು. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಅದರ ಕನಿಷ್ಠ ಮಿತಿ 155ಕ್ಕೆ ಬೀಳುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಅನೇಕ ಕೈಪಿಡಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ. ಚೆನ್ನೈ, ಮಂಗಳೂರಿನ ತೇವದಲ್ಲಿ ಅದನ್ನು ಮುಂದೂಡುವುದು ಜೂಜು.

ತೂತಿನ ಡಿಸ್ಕು ಈ ಎರಡರಲ್ಲಿ ಯಾವುದನ್ನೂ ಸರಿಪಡಿಸುವುದಿಲ್ಲ. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ನು ಆ ಭಾರದ ದೊಡ್ಡ ಪಾಲನ್ನು ಹೊರುತ್ತದೆ, ಇದಕ್ಕೆ ಕಾಸೂ ಇಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ. ಡಿಸ್ಕಿಗೆ ದುಡ್ಡು ಸುರಿದವನು ನಾಲ್ಕು ವರ್ಷದ ಹಳೆಯ ಆಯಿಲ್ ಇಟ್ಟುಕೊಂಡು, ಬ್ರೇಕ್ ಅಪ್‌ಗ್ರೇಡ್ ಆಗಿದೆ ಎಂಬ ನಂಬಿಕೆಯಲ್ಲಿ ನಾಲ್ಕನೇ ಗೇರಿನಲ್ಲಿ ಇಳಿಯುತ್ತಾನೆ. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ. ಎದುರಿನಿಂದ ಬಸ್ಸು ಹತ್ತಿ ಬರುತ್ತಿರುತ್ತದೆ. ನನ್ನ ಕಾರು ನನ್ನ ದುಡ್ಡು ಎಂಬ ಮಾತು ಆ ತಿರುವಿನಲ್ಲಿ ನಿಲ್ಲುವುದಿಲ್ಲ.

ದುಡ್ಡು ಖರ್ಚು ಮಾಡುವ ಆಸೆಯಿದ್ದರೆ ಕ್ರಮ ಹೀಗಿರಲಿ. ಮೊದಲು ಟೈರು. ಆಮೇಲೆ ಹೊಸ ಬ್ರೇಕ್ ಆಯಿಲ್. ಕೈಪಿಡಿ ಒಪ್ಪಿದರೆ 260 ಡಿಗ್ರಿಯ ಡಾಟ್ 5.1. ಆಮೇಲೆ ಹೆಚ್ಚು ಬಿಸಿ ತಡೆಯುವ ಒಳ್ಳೆಯ ಪ್ಯಾಡು, ಹಾಕಿದ ಮೇಲೆ ಅದನ್ನು ಹದಕ್ಕೆ ತರುವ ತಾಳ್ಮೆ. ಆಮೇಲೂ ಸಾಲದಿದ್ದರೆ ದೊಡ್ಡ, ದಪ್ಪ ಸಾದಾ ಡಿಸ್ಕು, ಅದಕ್ಕೆ ಹೊಂದುವ ಕ್ಯಾಲಿಪರು. ಟ್ರ್ಯಾಕಿಗೆ ಹೋಗುವವರಿಗೆ ಕೊನೆಯಲ್ಲಿ ಗೀರು. ಈ ಪಟ್ಟಿಯಲ್ಲಿ ತೂತಿಗೆ ಜಾಗವಿಲ್ಲ, ಕ್ಯಾಲಿಪರಿನ ಕೆಂಪು ಬಣ್ಣಕ್ಕೂ ಇಲ್ಲ.

ಅಂಗಡಿಗೆ ಹೋದಾಗ ಡಿಸ್ಕು ಕೈಗೆತ್ತಿಕೊಂಡು ಮೂರು ಮಾತು ಕೇಳಿ. ಇದರ ಕನಿಷ್ಠ ದಪ್ಪ ಎಷ್ಟು, ಎಲ್ಲಿ ಅಚ್ಚೊತ್ತಿದೆ? ತಯಾರಿಸಿದವರು ಯಾರು, ನನ್ನ ಕಾರಿನ ಪಾರ್ಟ್ ನಂಬರಿಗೆ ಇದು ಹೊಂದುತ್ತದೆಯೇ? ಒಳಗಿನ ಗಾಳಿದಾರಿ ಬಾಗಿದ್ದರೆ ಎಡಕ್ಕೆ ಯಾವುದು, ಬಲಕ್ಕೆ ಯಾವುದು? ಉತ್ತರ ಬಂದರೆ ಕೊಳ್ಳಿ. ಉತ್ತರದ ಬದಲು "ಸಾರ್, ಲುಕ್ ನೋಡಿ" ಎಂದರೆ ಡಿಸ್ಕನ್ನು ಅಲ್ಲೇ ಇಟ್ಟು, ಪಕ್ಕದ ಅಂಗಡಿಯಲ್ಲಿ ಒಂದು ಡಬ್ಬಿ ಬ್ರೇಕ್ ಆಯಿಲ್ ಕೊಂಡು ಮನೆಗೆ ಬನ್ನಿ.